ಸೊಸೆಯ ಯಕೃತ್ತು

ಔಷಧ ಮಾರುವವನು ಮೊದಲು ತಾನು ಕುಡಿದು ತೋರಿಸಲಿ ಎಂಬುದು ಹಳೆಯ ನ್ಯಾಯ. ಅರಸನ ತಟ್ಟೆಗೆ ಬೀಳುವ ಮುಂಚೆ ಅಡುಗೆಯವನ ಬಾಯಿಗೆ ಬೀಳುತ್ತಿದ್ದ ತುತ್ತಿನಷ್ಟು ಹಳೆಯದು. ಅದನ್ನು ಕಾಯ್ದೆ ಮಾಡಿದವರು ಒಂದೇ ಒಂದು ಸುಧಾರಣೆ ತಂದರು: ಮಾರುವವನು ಕುಡಿಯಬೇಕಿಲ್ಲ, ಅವನ ಯಕೃತ್ತು ಕುಡಿದರೆ ಸಾಕು.

ಅದಕ್ಕೆ ಹೊಟ್ಟೆ ಸೀಳಬೇಕಾಗಿರಲಿಲ್ಲ. ಕೆನ್ನೆಯ ಒಳಗಡೆ ಹತ್ತಿಕಡ್ಡಿ ಆಡಿಸಿ ತೆಗೆದ ಜೀವಕೋಶಗಳನ್ನು ಭ್ರೂಣದ ಅವಸ್ಥೆಗೆ ಹಿಂದಿರುಗಿಸಿ, ಅಲ್ಲಿಂದ ಯಕೃತ್ತಾಗುವಂತೆ ಪುಸಲಾಯಿಸಿದರೆ ಕೆಲವು ವಾರಗಳಲ್ಲಿ ತೊಗರಿಬೇಳೆ ಗಾತ್ರದ ಯಕೃತ್ತು ತಯಾರು. ಮಾಲೀಕನ ಒಳಗಿರುವ ದೊಡ್ಡದು ಏನನ್ನು ತಾಳಿಕೊಳ್ಳುತ್ತದೋ, ಯಾವುದಕ್ಕೆ ಸೋಲುತ್ತದೋ, ತಟ್ಟೆಯ ಮೇಲಿನ ಈ ಚಿಕ್ಕದೂ ಹಾಗೆಯೇ. ಇಂಥ ಬೇಳೆಗಳನ್ನು ಸಾಲು ಗುಳಿಗಳಲ್ಲಿಟ್ಟು, ಮಾರಾಟಕ್ಕೆ ಬರಲಿರುವ ಗಿಡದ ಸಾರವನ್ನು ಹನಿಸಿ, ಕೊನೆಗೆ ನೀಲಿ ದ್ರಾವಣವೊಂದನ್ನು ಹಾಕುತ್ತಾರೆ. ಬದುಕಿರುವ ಜೀವಕೋಶ ಆ ನೀಲಿಯನ್ನು ಗುಲಾಬಿ ಮಾಡುತ್ತದೆ. ಸತ್ತದ್ದಕ್ಕೆ ಬಣ್ಣ ಬದಲಿಸುವ ಉಮೇದು ಇರುವುದಿಲ್ಲ.

ಜನ ಇದನ್ನು ಮೊದಲ ಗುಟುಕು ಕಾಯ್ದೆ ಎಂದು ಕರೆದರು. ಮಾರುವವನೊಬ್ಬನದೇ ಯಾಕೆ, ಅವನ ಮನೆಯವರದೂ ಆಗಲಿ ಎಂದು ಸದನದಲ್ಲಿ ಯಾರೋ ಗುಡುಗಿದರು. ಮೇಜುಗಳು ಸದ್ದು ಮಾಡಿದವು. ಒಂದೇ ಒಲೆಯ ಅಡುಗೆ ಉಣ್ಣುವ ದೊಡ್ಡವರೆಲ್ಲರ ಯಕೃತ್ತೂ ಪರೀಕ್ಷೆಗೆ ಬರಬೇಕೆಂದಾಯಿತು. ಹೊರಗಿನವರದನ್ನೂ ನೋಡೋಣ ಎಂದ ವಿಜ್ಞಾನಿಗಳ ವಿರುದ್ಧ ಮಾತ್ರ “ನಮ್ಮ ಪಿತ್ತ ನಿಮ್ಮಪ್ಪನ ಸೊತ್ತಲ್ಲ” ಎಂಬ ಮೆರವಣಿಗೆ ಹೊರಟಿದ್ದರಿಂದ ಆ ಕಲಮು ಬಿದ್ದುಹೋಯಿತು. ತನ್ನ ಮನೆಯವರಿಗೇ ವಿಷ ಹಾಕುವವನು ಎಲ್ಲಿದ್ದಾನೆ ಎಂಬ ತರ್ಕದ ಮೇಲೆ ತಲೆಯಿಟ್ಟು ರಾಜ್ಯ ನೆಮ್ಮದಿಯಾಗಿ ಮಲಗಿತು.

ಮನೆಯವರ ಮೇಲೆ ಶಾಸಕರಿಗಿದ್ದ ಈ ನಂಬಿಕೆ ಡಾ. ಶಮೀಮ್ ಹಂಚಿನಮನಿಗೆ ಇರಲಿಲ್ಲ. ಧಾರವಾಡದ ಪರೀಕ್ಷಾಲಯದಲ್ಲಿ ಆಕೆ ದಿನಕ್ಕೆ ಎರಡು ಮೂರು ಕುಟುಂಬಗಳನ್ನು ನೋಡುತ್ತಿದ್ದಳು.

ಕಾಮಣಿ ಮನೆಯವರ ತಟ್ಟೆ ಹೊರಬಂದ ದಿನ ಮೂವರು ಬಂದಿದ್ದರು: ಮನೆಯ ಹಿರಿಯಳಾದ ನೀಲಗಂಗವ್ವ, ಆಕೆಯ ಮಗ ಮಹಾರುದ್ರ, ಅವನ ಹೆಂಡತಿ ಸುಕೃತಾ. ಕಾಮಣಿ ಎಂದರೆ ಕಣ್ಣು ಮೈ ಹಳದಿಯಾಗುವ ಕಾಮಾಲೆ. ಗದಗಿನ ಆಚೆ, ಗುಡ್ಡದ ಬುಡದ ಊರಲ್ಲಿ ಈ ಮನೆಯವರು ತಲೆಮಾರುಗಳಿಂದ ಭಾನುವಾರ ಬೆಳಿಗ್ಗೆ ಕಾಮಣಿಗೆ ಕಷಾಯ ಕೊಡುತ್ತ ಬಂದಿದ್ದರು. ಗುಡ್ಡದಲ್ಲಿ ಹಬ್ಬುವ ಕರಿಹಂಬು ಎಂಬ ಬಳ್ಳಿಯ ಬೇರಿನದು. ರೊಕ್ಕ ಮುಟ್ಟುತ್ತಿರಲಿಲ್ಲ. ಪಥ್ಯ ಮಾತ್ರ ಕಟ್ಟುನಿಟ್ಟು: ಉಪ್ಪಿಲ್ಲ, ಎಣ್ಣೆಯಿಲ್ಲ, ಬದನೆಕಾಯಿಯ ಹೆಸರೆತ್ತುವಂತಿಲ್ಲ. ವಾಸಿಯಾದವರು ಔಷಧದಿಂದ ವಾಸಿಯಾದರು. ಆಗದವರು ಪಥ್ಯ ಮುರಿದಿದ್ದರು. ಮೂರನೆಯ ಬಗೆಯ ರೋಗಿ ಆ ಊರಿನ ನೆನಪಿನಲ್ಲೇ ಇಲ್ಲ. ಕಾಮಾಲೆ ಬಹಳ ಸಲ ತಾನಾಗಿಯೇ ಇಳಿಯುತ್ತದೆ ಎಂದ ಸರಕಾರಿ ಡಾಕ್ಟರು ಬಂದಷ್ಟೇ ಬೇಗ ವರ್ಗವಾಗಿ ಹೋಗಿದ್ದರು.

ಮಹಾರುದ್ರ ಆ ಕಷಾಯವನ್ನು ಇಂಗಿಸಿ ಪಾಕ ಮಾಡಿ ಬಾಟಲಿಗೆ ತುಂಬಿದ್ದ. ಕೊಳ್ಳಲು ಪುಣೆಯ ಒಂದು ಕಂಪನಿ ಕಾದಿತ್ತು. ಇಲಿಗಳ ಪರೀಕ್ಷೆ ಮುಗಿದು, ಇಲಿಗಳು ಲವಲವಿಕೆಯಿಂದ ಪಾಸಾಗಿದ್ದವು. ಉಳಿದದ್ದು ಮನೆಯವರು.

ತಟ್ಟೆಯ ತುಂಬ ಗುಲಾಬಿ. ನೀಲಗಂಗವ್ವನ ಸಾಲು, ಮಹಾರುದ್ರನ ಸಾಲು, ಅವನ ಸೋದರತ್ತೆ ಸೋದರಮಾವ ಕಾಕಾ ಕಾಕಿಯರ ಸಾಲುಗಳು, ಎಲ್ಲ ಮದುವೆ ಮನೆಯ ಹಾಗೆ ಕಂಗೊಳಿಸುತ್ತಿದ್ದವು. ಕೊನೆಯ ಸಾಲು ಮಾತ್ರ ಅಚ್ಚ ನೀಲಿ.

“ಇದು ಯಾರ್ದ್ರಿ ಮೇಡಂ?” ಎಂದ ಮಹಾರುದ್ರ.

“ಸುಕೃತಾ ಅವರದು.”

ನೀಲಗಂಗವ್ವ ಸೊಸೆಯ ಕಡೆ ತಿರುಗಿ ಕೂಡ ನೋಡಲಿಲ್ಲ. “ನಂಗ ಗೊತ್ತಿತ್ತು. ಕಡ್ಡಿ ಬಾಯಾಗ ಹಾಕೋವಾಗನ ಗೊತ್ತಿತ್ತು. ಮನ್ಯಾಗ ಒಂದು ಚಲೋ ಕೆಲಸ ನಡದ್ರ ಇಕಿ ಪಿತ್ತಕ್ಕ ಸಹಿಸೂದಿಲ್ಲ.”

“ಅತ್ತೆ, ನನ್ನ ಪಿತ್ತಕ್ಕೆ ನಾನೇನೂ ಹೇಳಿಕೊಟ್ಟಿಲ್ಲ.”

“ಹೇಳಿಕೊಡೂದ ಏನೈತಿ, ನಿನ್ನ ನೋಡಿ ಕಲತಿರತೈತಿ.”

ಸುಕೃತಾ ನಂಜನಗೂಡಿನವಳು. ಮೈಸೂರಿನ ವಸ್ತುಪ್ರದರ್ಶನದಲ್ಲಿ ಮಹಾರುದ್ರ ಕಷಾಯದ ಮಳಿಗೆ ಹಾಕಿದ್ದಾಗ ಎದುರು ಮಳಿಗೆಯಲ್ಲಿ ಹಪ್ಪಳ ಮಾರುತ್ತಿದ್ದಳು. ಕಷಾಯಕ್ಕಿಂತ ಹಪ್ಪಳ ಹೆಚ್ಚು ಮಾರಾಟವಾಯಿತು. ಅವನು ಸೋತದ್ದು ಹಾಗೆ. ಅವಳ ತನಕ ಕಾಮಣಿ ಮನೆಗೆ ಹೊರಗಿನ ಹೆಣ್ಣು ಬಂದದ್ದಿಲ್ಲ, ಒಳಗಿನ ಹೆಣ್ಣು ಹೊರಗೆ ಹೋದದ್ದಿಲ್ಲ. ಗಿಡದ ಗುಟ್ಟು ಬೇರೆ ಮನೆಗೆ ಹೋಗಬಾರದೆಂದು ಹೆಣ್ಣುಮಕ್ಕಳನ್ನು ಸೋದರಮಾವನಿಗೇ ಕೊಡುತ್ತಿದ್ದರು. ನೀಲಗಂಗವ್ವನೂ ತನ್ನ ಸೋದರಮಾವನನ್ನೇ ಮದುವೆಯಾದವಳು. ಆಕೆಯ ತಾಯಿಯೂ, ತಾಯಿಯ ತಾಯಿಯೂ. ಸಂಬಂಧ ಬಿಡಿಸಿ ಹೇಳಲು ಹೊರಟರೆ ಆ ಮನೆಯವರೇ ಎಡವುತ್ತಿದ್ದರು.

ಹೆಸರಿನ ಚೀಟಿ ಅದಲುಬದಲಾಗಿದೆ ಎಂದು ಮಹಾರುದ್ರ ಜಗಳ ತೆಗೆದ. ಮರುಪರೀಕ್ಷೆಗೆ ಅರ್ಜಿ ಕೊಟ್ಟ. ಎರಡನೆಯ ತಟ್ಟೆಯಲ್ಲಿ ಅವಳ ಸಾಲು ಮೊದಲಿಗಿಂತಲೂ ಶುದ್ಧ ನೀಲಿಯಾಗಿ ಬಂತು.

ಆ ಹೊತ್ತಿಗೆ ಶಮೀಮ್ ಸುಮ್ಮನೆ ಕೂತಿರಲಿಲ್ಲ. ಕಾಯ್ದೆ ಕೇಳದಿದ್ದರೂ ತಟ್ಟೆಯಲ್ಲಿದ್ದ ಜೀವಕೋಶಗಳ ವಂಶವಾಹಿಗಳನ್ನು ಓದಿದ್ದಳು. ಕರಿಹಂಬಿನಲ್ಲಿ ಒಂದು ಕಹಿ ವಸ್ತುವಿದೆ. ಅದು ಯಕೃತ್ತಿಗೆ ಹೋಗಿ ಒಡೆಯುತ್ತದೆ. ಒಡೆದ ತುಂಡುಗಳಲ್ಲೊಂದು ಜೀವಕೋಶಕ್ಕೆ ವಿಷ. ಆ ತುಂಡನ್ನು ಹೊರಗಟ್ಟುವ ಕೆಲಸ ಒಂದು ಕಿಣ್ವದ್ದು. ಎಲ್ಲರಲ್ಲೂ ಆ ಕಿಣ್ವವಿದೆ, ಆದರೆ ಅದರದು ಸರಕಾರಿ ಕಚೇರಿಯ ವೇಗ. ಕಾಮಣಿ ಮನೆಯವರಲ್ಲಿ ಯಾವುದೋ ಕಾಲದಲ್ಲಿ ಯಾರಿಗೋ ವೇಗದ ಕಿಣ್ವವೊಂದು ಹುಟ್ಟಿಕೊಂಡಿತ್ತು. ಆಮೇಲೆ ಸೋದರಮಾವಂದಿರ ಕೃಪೆಯಿಂದ ಅದು ಮನೆ ಬಿಟ್ಟು ಹೋಗಲೇ ಇಲ್ಲ. ಗುಟ್ಟನ್ನು ಕಾಯಲು ಹಾಕಿದ ಬೇಲಿಯೊಳಗೆ ಅದೂ ಕೂತು ಬೆಳೆಯಿತು. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ, ಎರಡೂ ವೇಗದವೇ.

“ಅಂದ್ರ ಇವರು ಬ್ಯಾರೆ ಅಲ್ರಿ,” ಎಂದಳು ಶಮೀಮ್, ಸುಕೃತಾಳ ಕಡೆ ಕೈ ಮಾಡಿ. “ಬ್ಯಾರೆ ಇರೋರು ನೀವು. ನನ್ನ ಯಕೃತ್ತು ಇವರದರಂಗನ ಐತಿ. ಹೊರಗ ಗೇಟಿನ್ಯಾಗ ಚಾ ಮಾರ್ತಾನಲ್ಲ, ಅವನದೂ ಹಂಗ ಇರಬೇಕು. ನಿಮ್ಮ ಬಾಟ್ಲಿ ಕುಡಿಯೋರದೂ.”

“ಒಟ್ಟು ನಮ್ಮದು ಗಟ್ಟಿ ಅಂದಂಗಾತು,” ಎಂದಳು ನೀಲಗಂಗವ್ವ. “ಅದನ್ನ ಹೇಳಾಕ ಯಾಕ ಹೆಣದ ಮುಂದ ಕುಂತಂಗ ಮಾರಿ ಮಾಡ್ತಿ?”

“ಇಲಿ ಪಾಸಾಗ್ಯಾವಲ್ರಿ ಮತ್ತ?” ಎಂದ ಮಹಾರುದ್ರ.

“ಇಲಿಗೂ ನಿಮ್ಮಂಥಾದ್ದ ವೇಗದ ಕಿಣ್ವ ಐತ್ರಿ.”

“ನಮ್ಮನ್ನ ಇಲಿಗೆ ಹೋಲಸ್ತಿಯೇನ?” ನೀಲಗಂಗವ್ವ ಎದ್ದು ನಿಂತಳು.

“ಹೋಲಿಸಲಿಲ್ಲ ಆಯಿ. ಅಳದು ಹೇಳಿದೆ.”

ಶಮೀಮ್ ಇದನ್ನೆಲ್ಲ ವರದಿಯ ಷರಾದಲ್ಲಿ ಬರೆದು, ಪರವಾನಗಿ ಕೊಡುವ ಆಯೋಗಕ್ಕೆ ಕಳಿಸಿದಳು. ನಮೂನೆಯಲ್ಲಿ ಬಣ್ಣಗಳಿಗೆ ಮಾತ್ರ ಜಾಗವಿದೆ, ಅಭಿಪ್ರಾಯಗಳಿಗಿಲ್ಲ ಎಂಬ ಉತ್ತರ ಬಂತು. ಒಂದೇ ಒಂದು ಸಾಲು ನೀಲಿಯಾದರೂ ಪರವಾನಗಿ ಇಲ್ಲ, ಎಲ್ಲ ಗುಲಾಬಿಯಾದರೆ ಇದೆ, ಅಷ್ಟೇ. ಮಹಾರುದ್ರ ಆ ಉತ್ತರವನ್ನು ಬಹಳ ಗಮನವಿಟ್ಟು ಓದಿದ.

“ಮೇಡಂ, ಒಬ್ಬರು ನಮ್ಮ ಒಲೀದವರು ಅಲ್ಲ ಅಂತಾದ್ರ?”

ಶಮೀಮ್ ಆಯೋಗದ ಉತ್ತರವನ್ನು ಅವನ ಕೈಯಿಂದ ವಾಪಸು ತೆಗೆದುಕೊಂಡಳು. “ಬ್ಯಾರೆ ಒಲಿ ಹೂಡೀವಿ ಅಂತ ಇಬ್ಬರೂ ಸಹಿ ಮಾಡಿ ಕೊಟ್ರ ಅವರ ಸಾಲು ತಗೀಬೇಕಾಕ್ಕೈತಿ. ಕಾಯ್ದೆ ಹಂಗ ಐತಿ. ನಾ ಮಾಡಿದ್ದಲ್ಲ.”

*

ಕಾಮಣಿ ಮನೆಯ ಅಡುಗೆಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಒಲೆ ಒಂದೇ ಇದ್ದರೂ ಗಡಿ ಮೊದಲೇ ಬಿದ್ದಿತ್ತು. ಸಾರಿಗೆ ಬೆಲ್ಲ ಹಾಕುವ ಮಂದಿಯೊಡನೆ ಬಾಳುವುದು ಹೇಗೆಂದು ನೀಲಗಂಗವ್ವ ಬಂದ ರೋಗಿಗಳನ್ನೆಲ್ಲ ಕೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ, ಮನೆತುಂಬಿಸಿಕೊಂಡ ವಾರ, ಸೊಸೆಗೆ ಎಲ್ಲರಂತೆ ಒಂದು ಲೋಟ ಕಷಾಯ ಕೊಟ್ಟಿದ್ದರು. ಮನೆಯ ಪದ್ಧತಿ ಅದು. ಸೋಮವಾರಕ್ಕೊಮ್ಮೆ ಎಲ್ಲರೂ ಕುಡಿಯುತ್ತಾರೆ, ಕಾಮಣಿ ಹತ್ತಿರ ಸುಳಿಯದಿರಲೆಂದು. ಸುಕೃತಾ ವಾಂತಿ ಮಾಡಿಕೊಂಡು, ಕಣ್ಣು ಅರಿಸಿನವಾಗಿ, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಳು. ವಿಚಾರಣೆಯಲ್ಲಿ ಅವಳು ಗದಗಿನ ಸ್ಟೇಶನ್ ಎದುರು ಮಿರ್ಚಿ ಭಜಿ ತಿಂದದ್ದು ಹೊರಬಿತ್ತು. ಅಲ್ಲಿಗೆ ಕಾರಣ ಸಿಕ್ಕಿತು, ಕಡತ ಮುಚ್ಚಿತು. ಅಂದಿನಿಂದ ಅವಳಿಗೆ ಕಷಾಯ ಕೊಡುವುದನ್ನು ಬಿಟ್ಟರು. ಯೋಗ್ಯತೆಯಿಲ್ಲದವರಿಗೆ ತೀರ್ಥ ಕೊಡುವುದನ್ನು ಬಿಟ್ಟ ಹಾಗೆ.

ಈಗ ಸುಕೃತಾಳಿಗಿದ್ದ ಹೆದರಿಕೆ ತನ್ನ ಬಗ್ಗೆ ಅಲ್ಲ. ಎರಡು ವರ್ಷ ತುಂಬುತ್ತ ಬಂದ ಮಗಳಿದ್ದಳು. ತಾಯಿ ಅವಳನ್ನು ಇಬ್ಬನಿ ಎನ್ನುತ್ತಿದ್ದಳು, ಅಜ್ಜಿ ಗಂಗಿ ಎನ್ನುತ್ತಿದ್ದಳು. ಯಾರ ಕೈಯಲ್ಲಿ ಬಿಸ್ಕತ್ತಿದೆಯೋ ಅವರ ಹೆಸರಿಗೆ ಮಗು ಓಗೊಡುತ್ತಿತ್ತು. ಆ ಮನೆಯ ಮಕ್ಕಳಿಗೆ ಜವಳ ತೆಗೆದ ದಿನ, ಬೋಳು ತಲೆಗೆ ಗಂಧ ಹಚ್ಚಿ, ಮೊದಲ ಚಮಚ ಕಷಾಯ ಹಾಕುತ್ತಾರೆ. ಆಮೇಲೆ ಸೋಮವಾರ ಸೋಮವಾರ. ಜವಳಕ್ಕೆ ದೀಪಾವಳಿ ಕಳೆದ ಮೇಲಿನ ಒಂದು ಮುಹೂರ್ತ ನಿಗದಿಯಾಗಿತ್ತು.

ಮಹಾರುದ್ರ ಕಾಗದ ಹಿಡಿದು ಅಡುಗೆಮನೆಗೆ ಬಂದ. ಹೆಂಡತಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅವ್ವ ಹೊಸ್ತಿಲ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು.

“ಒಲಿ ಬ್ಯಾರೆ ಅಂತ ಒಂದು ಸಹಿ ಅಷ್ಟ. ನೀ ಎಲ್ಲಿಗೂ ಹೋಗೂದಿಲ್ಲ. ಹಿತ್ತಲ ಪಡಸಾಲ್ಯಾಗ ಒಂದು ಗ್ಯಾಸ್ ಇಡಸ್ತೀನಿ.”

“ಮದುವೆ ಆದ್ಮೇಲೆ ನೀವು ನನಗೆ ಕೊಟ್ಟ ಮೊದಲ್ನೇ ಉಡುಗೊರೆ ಕಣ್ರೀ ಇದು,” ಎಂದಳು ಸುಕೃತಾ. “ನನ್ನದೇ ಒಲೆ.”

“ಬೆಲ್ಲ ಎಷ್ಟ ಬೇಕಷ್ಟ ಸುರ್ಕೋ,” ಎಂದಳು ಹೊಸ್ತಿಲ ಮೇಲಿನವಳು.

“ಸಹಿ ಹಾಕ್ತೀನಿ. ಇಬ್ಬನಿ ಕೆನ್ನೆಗೂ ಕಡ್ಡಿ ಹಾಕಿಸಿ. ಮಕ್ಕಳದ್ದಕ್ಕೆ ಅಪ್ಪ ಅಮ್ಮ ಇಬ್ಬರೂ ಒಪ್ಪಬೇಕಂತೆ. ಅದು ನೀಲಿ ಬಂದ್ರೆ ಜವಳದ ದಿನ ಚಮಚ ಅವಳ ಬಾಯ ಹತ್ರ ಬರಕೂಡದು.”

“ಕೂಸಿಂದ್ಯಾಕ? ಕಾಯ್ದೆ ಕೇಳಿಲ್ಲ,” ಎಂದ ಗಂಡ.

“ನಾನು ಕೇಳ್ತಿದೀನಿ.”

ಮಹಾರುದ್ರ ಅವ್ವನ ಮುಖ ನೋಡಿದ. ಯಾವ ನಿರ್ಧಾರಕ್ಕೂ ಮುಂಚೆ ಅವನು ಆ ಕಡೆ ನೋಡುವುದು, ರಸ್ತೆ ದಾಟುವವರು ಎರಡೂ ಬದಿ ನೋಡುವ ಹಾಗೆ, ಕೇವಲ ಅಭ್ಯಾಸ.

ನೀಲಗಂಗವ್ವ ನಕ್ಕಳು. ಅಡಿಕೆಕತ್ತರಿಯ ಸದ್ದು ನಿಲ್ಲಲಿಲ್ಲ. “ಹಾಕ್ಸಿ ಕೊಡೋ. ನನ್ನ ಮೊಮ್ಮಗಳು ನೀಲಿ ಆಗ್ತಾಳಂತ. ಆಕಿ ಮೂಗು ನಂದು, ಹಟ ನಂದು, ಪಿತ್ತ ಅಷ್ಟ ನಂಜನಗೂಡಿಂದ ಬರತೈತೇನ? ಆಗ್ಲಿ, ನೀಲಿ ಆದ್ರ ಹಾಕೂದಿಲ್ಲ. ಗುಲಾಬಿ ಆದ್ರ ಇಕಿ ಬಾಯಿ ಮುಚ್ಚಬೇಕು. ಕಾಯಂ.”

“ಕಾಯಂ,” ಎಂದಳು ಸುಕೃತಾ. ಹುರುಳಿಕಾಯಿ ಚೂರುಗಳ ನಡುವೆಯೇ ಕಾಗದವಿಟ್ಟು ಸಹಿ ಹಾಕಿದಳು.

ಮರುದಿನದಿಂದ ಆಕೆ ಕಾಯ್ದೆಯ ಕಣ್ಣಿಗೆ ಆ ಮನೆಯವಳಲ್ಲ. ಹಿತ್ತಲ ಪಡಸಾಲೆಯಿಂದ ಒಗ್ಗರಣೆಯ ವಾಸನೆ ಬಂದಾಗಲೆಲ್ಲ ಅತ್ತೆ ಒಳಗಿನಿಂದ ಕೆಮ್ಮುತ್ತಿದ್ದಳು.

*

ಮಗುವಿನ ಬೇಳೆ ಬೆಳೆಯಲು ಎಲ್ಲರದಷ್ಟೇ ಕಾಲ ಹಿಡಿಯಿತು. ಫಲಿತಾಂಶದ ದಿನ ಮಹಾರುದ್ರ ಪೇಢೆಯ ಡಬ್ಬಿ ಕೊಂಡೇ ಒಳಗೆ ಬಂದ. ಶಮೀಮ್ ತಟ್ಟೆಯನ್ನು ಬಿಳಿ ಬೆಳಕಿನ ಮೇಜಿನ ಮೇಲಿಟ್ಟಳು.

ಆ ಬಣ್ಣದ ಮೇಲೆ ಯಾರೂ ಪಂಥ ಕಟ್ಟಿರಲಿಲ್ಲ. ಮಗುವಿನ ಸಾಲು ನೇರಳೆಯಾಗಿತ್ತು.

“ಇದು ಗುಲಾಬಿನ,” ಎಂದ ಮಹಾರುದ್ರ, ಎಲ್ಲರಿಗಿಂತ ಮೊದಲು. “ತುಸು ದಟ್ಟ ಬಂದೈತಿ ಅಷ್ಟ.”

“ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ,” ಎಂದಳು ಸುಕೃತಾ.

“ಅರ್ಧ ಸತ್ತೈತಿ,” ಎಂದಳು ಶಮೀಮ್. “ಅಪ್ಪನ ಕಡಿಂದ ವೇಗದ ಪ್ರತಿ ಒಂದು, ಅವ್ವನ ಕಡಿಂದ ನಿಧಾನದ್ದೊಂದು. ಸರಿಯಾಗಿ ಹೇಳಬೇಕಂದ್ರ ಅರ್ಧಕ್ಕಿಂತ ಒಂದು ಚೂರು ಹೆಚ್ಚು ಬದುಕೈತಿ.”

“ಕಾಯ್ದೆದಾಗ ಅರ್ಧಕ್ಕಿಂತ ಹೆಚ್ಚು ಬದುಕಿದ್ರ?”

ಶಮೀಮ್ ಉತ್ತರ ಕೊಡಲು ಇಷ್ಟವಿಲ್ಲದವಳಂತೆ ಕನ್ನಡಕ ತೆಗೆದು ಒರೆಸಿದಳು. “ಪಾಸು.”

“ಪಾಸು!” ಮಹಾರುದ್ರ ಡಬ್ಬಿಯ ದಾರ ಬಿಚ್ಚಿದ. “ತಗೋಬೇ ಅವ್ವ, ಬಾಯಿ ತಗಿ. ಮೇಡಂ, ತಗೋರಿ. ಕಂಪನೀಯವರಿಗೆ ಫೋನ್ ಹಚ್ತೀನಿ. ಮನ್ಯಾಗಿನ ಸಣ್ಣ ಕೂಸಿಂದೂ ಪಾಸು ಅಂದ್ರ ಜಾಹೀರಾತಿಗೆ ಇದಕ್ಕಿಂತ ಏನ್ ಬೇಕು?”

“ಅದು ನಿಮ್ಮ ಮಗಳ ಯಕೃತ್ತು ರೀ,” ಎಂದಳು ಸುಕೃತಾ. ದನಿ ಏರಿರಲಿಲ್ಲ, ಆದ್ದರಿಂದಲೇ ಶಮೀಮ್ ತಲೆಯೆತ್ತಿದಳು. “ಅರ್ಧ ಉಳಿದಿದೆ ಅಂತ ಪೇಢೆ ಹಂಚ್ತಿದೀರಲ್ಲ.”

“ಮಾತು ಏನಾಗಿತ್ತು? ನೀಲಿ ಆದ್ರ ಅಂತ. ನೀಲಿ ಆಗೇತಿ?” ಎಂದ ಮಹಾರುದ್ರ.

ನೀಲಗಂಗವ್ವ ಪೇಢೆ ಮುಟ್ಟಿರಲಿಲ್ಲ. ಮೇಜಿನ ಮೇಲೆ ಎರಡೂ ಕೈಯೂರಿ ತಟ್ಟೆಯೊಳಗೆ ಬಗ್ಗಿ ನೋಡುತ್ತಿದ್ದಳು. ಜೀವನವಿಡೀ ಜನರ ಕಣ್ಣುಗುಡ್ಡೆಯ ಬಣ್ಣ ನೋಡಿ ತೀರ್ಪು ಕೊಟ್ಟವಳು. ಬಣ್ಣದ ವಿಷಯದಲ್ಲಿ ಮಗ ಅವಳಿಗೆ ಹೇಳಿಕೊಡುವಂಥದ್ದು ಇರಲಿಲ್ಲ.

“ಏ ಡಾಕ್ಟರ್ ಬಾಯಿ,” ಎಂದಳು. “ಇದಕ್ಕ ಉಣ್ಣಾಕ ಏನ ಕೊಟ್ಟೀದಿ?”

“ಆಹಾರದ ದ್ರಾವಣ ಆಯಿ. ಸಕ್ರಿ, ಉಪ್ಪು, ಪ್ರೋಟೀನು...”

“ಉಪ್ಪು!” ಮುದುಕಿ ನೆಟ್ಟಗಾದಳು. ಅವಳ ದನಿಗೆ ಜೀವ ಬಂತು. “ಉಪ್ಪು ಹಾಕೀದಿ! ಕೇಳ್ಯೋ ಮಹಾರುದ್ರ? ಪಥ್ಯ ಮುರದಾಳ ಇಕಿ! ಕಷಾಯದ ಮ್ಯಾಲ ಉಪ್ಪು ಉಣಿಸಿ ಕೂಸಿನ ಪಿತ್ತ ಸುಟ್ಟಾಳ!”

“ನಿಮ್ಮ ಸಾಲಿಗೂ ಅದನ್ನ ಉಣಿಸೀನಿ,” ಎಂದಳು ಶಮೀಮ್. “ಅದ ಉಪ್ಪು, ಅಷ್ಟ ಉಪ್ಪು. ನಿಮ್ಮದು ಗುಲಾಬಿ ಐತಿ.”

“ನಮ್ಮದು ಹಳೇ ಮೈ, ತಡಕೋತೈತಿ. ಎಳೀ ಕೂಸಿಂದು...”

ಶಮೀಮ್ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಆ ಬದಿಯಲ್ಲಿ ಇನ್ನೊಂದು ಚಿಕ್ಕ ಸಾಲಿತ್ತು. ಎಳೆಯ ಗುಲಾಬಿ, ಯಾವ ದಟ್ಟಣೆಯೂ ಇಲ್ಲದ್ದು.

“ಇದೂ ನಿಮ್ಮ ಮೊಮ್ಮಗಳದ ಆಯಿ. ಉಪ್ಪು ಉಂಡೈತಿ. ಸಕ್ರಿ ಉಂಡೈತಿ. ನಿಮ್ಮ ಕಷಾಯ ಅಷ್ಟ ಕುಡದಿಲ್ಲ.”

ನೀಲಗಂಗವ್ವ ಆ ಸಾಲನ್ನು ನೋಡಿದಳು, ಈ ಸಾಲನ್ನು ನೋಡಿದಳು. ಇನ್ನೂ ಏನಾದರೂ ಕೇಳಲು ಬಾಯಿ ತೆರೆದಳು. ಬದನೆಕಾಯಿ ಕೊಟ್ಟೆಯಾ ಎಂದು ಕೇಳುವಂತಿರಲಿಲ್ಲ, ಎಣ್ಣೆ ಜಿಡ್ಡು ಎಂದು ಕೇಳುವಂತಿರಲಿಲ್ಲ. ಗಾಜಿನ ಗುಳಿಯೊಳಗಿನ ಬೇಳೆಕಾಳು ಯಾವ ಸ್ಟೇಶನ್ನಿನ ಎದುರೂ ಮಿರ್ಚಿ ತಿನ್ನಲು ಇಳಿದಿರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಪಥ್ಯ ಮುರಿಯದ ರೋಗಿಯೊಬ್ಬ ಆಕೆಯ ಮುಂದೆ ಅರ್ಧ ಸತ್ತು ಮಲಗಿದ್ದ.

“ನಡೀರಿ,” ಎಂದಳು. “ಬಸ್ಸಿಗೆ ಹೊತ್ತಾತು.”

ಬಸ್ಸು ಹತ್ತುವಾಗ ಸೊಸೆ ಕೈ ಕೊಡಲು ಹೋದಳು. “ಸರಿ ಅತ್ತಾಗ,” ಎಂದು ಕೊಡವಿ ತಾನೇ ಹತ್ತಿದಳು.

*

ಪರವಾನಗಿ ಬಂತು. ಮಹಾರುದ್ರ ಜವಳವನ್ನೂ ಬಾಟಲಿಯ ಬಿಡುಗಡೆಯನ್ನೂ ಒಂದೇ ದಿನಕ್ಕೆ ಜೋಡಿಸಿದ. ಚಪ್ಪರದ ಖರ್ಚು ಒಂದೇ ಆಗುತ್ತದೆಂದು ಅವನ ಲೆಕ್ಕ. ಭಾನುವಾರವೂ ಆದ್ದರಿಂದ ಔಷಧಕ್ಕೆ ಬಂದ ರೋಗಿಗಳೂ ಸೇರಿ ಅಂಗಳ ತುಂಬಿತು. ಪುಣೆಯ ಕಂಪನಿಯವರಿಬ್ಬರು ಮುಂದಿನ ಕುರ್ಚಿಗಳಲ್ಲಿ ಕೂತು ಬಿಸಿಲಿಗೆ ಬೆವರುತ್ತಿದ್ದರು. ಬಂದವರಿಗೆಲ್ಲ ಒಂದೊಂದು ಪುಟ್ಟ ಬಾಟಲಿ ಪುಕ್ಕಟೆ. ನೀಲಗಂಗವ್ವ ಎಂದೂ ಜನರಿಗೆ ಬಾಟಲಿ ಕೊಟ್ಟವಳಲ್ಲ. ಒಂದು ಮೂಲೆಯಲ್ಲಿ ಕಂಬಕ್ಕೊರಗಿ ನೋಡುತ್ತಿದ್ದಳು.

ಜವಳದಲ್ಲಿ ಮೊದಲ ಕೂದಲು ಕತ್ತರಿಸುವುದು ಸೋದರಮಾವ. ಕಾಮಣಿ ಮನೆಯಲ್ಲಿ ಈವರೆಗೆ ಸೋದರಮಾವನಿಗಾಗಿ ಹುಡುಕಬೇಕಾಗಿರಲಿಲ್ಲ, ಮನೆಯಲ್ಲೇ ಇಬ್ಬರು ಮೂವರು ಓಡಾಡುತ್ತಿದ್ದರು. ಈ ಸಲದವನನ್ನು ನಂಜನಗೂಡಿನಿಂದ ರೈಲಿನಲ್ಲಿ ತರಿಸಬೇಕಾಯಿತು. ಸುಕೃತಾಳ ಅಣ್ಣ ಬರುವಾಗ ಬಾಡಿಗೆ ಕಾರೊಂದನ್ನು ಗದಗಿನಿಂದ ಹಿಡಿದು ತಂದು, ಊರ ಅಗಸೆಬಾಗಿಲ ಬಳಿ ನಿಲ್ಲಿಸಿ ಬಂದಿದ್ದ. ಅದು ಅಣ್ಣ ತಂಗಿ ಇಬ್ಬರಿಗೇ ಗೊತ್ತು. ಚಮಚ ಎತ್ತಿದ ಗಳಿಗೆ ಮಗುವನ್ನು ಕಸಿದುಕೊಂಡು ಓಡುವುದು ಅವರ ಯೋಜನೆ. ಅಂಗಳದ ತುಂಬ ಜನರನ್ನು ದಾಟಿ ಓಡುವುದು ಹೇಗೆಂಬ ಭಾಗವನ್ನು ಇಬ್ಬರೂ ಯೋಚಿಸಿರಲಿಲ್ಲ.

ಕೂದಲು ಬಿತ್ತು. ಮಗು ಅತ್ತು, ಬೋಳುತಲೆ ಮುಟ್ಟಿಕೊಂಡು ಅಚ್ಚರಿಪಟ್ಟು, ಸುಮ್ಮನಾಯಿತು. ಗಂಧ ಹಚ್ಚಿದರು. ಮಹಾರುದ್ರ ಬೆಳ್ಳಿಯ ಬಟ್ಟಲನ್ನೂ ಚಮಚವನ್ನೂ ತಂದು ಅವ್ವನ ಕೈಗಿಟ್ಟು, ಕಂಪನಿಯವರತ್ತ ತಿರುಗಿ ಹಿಂದಿಯಲ್ಲಿ ಏನೋ ವಿವರಿಸಿದ. ಅವರು ಫೋನುಗಳನ್ನು ಎತ್ತಿ ಹಿಡಿದರು.

ನೀಲಗಂಗವ್ವ ಮಗುವಿನ ಮುಂದೆ ಮಣೆಯ ಮೇಲೆ ಕೂತಳು. ಚಮಚ ತುಂಬಿದಳು. ಸುಕೃತಾ ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆ ಅವಳನ್ನು ಕಣ್ಣಲ್ಲೇ ತಡೆದಳು. ಪ್ರೀತಿಯ ನೋಟವಲ್ಲ ಅದು, ಹಾಲಿಗೆ ಬಾಯಿ ಹಾಕಲು ಬಂದ ಬೆಕ್ಕನ್ನು ನೋಡುವ ನೋಟ.

“ಅಕ್ಕಾರ, ಅಣ್ಣಾರ,” ಎಂದಳು ಅಂಗಳಕ್ಕೆಲ್ಲ ಕೇಳುವಂತೆ. “ಈ ಕೂಸಿಗೆ ಕಷಾಯ ಇಲ್ಲ.”

“ಅವ್ವ!” ಎಂದ ಮಹಾರುದ್ರ.

“ನೀ ಸುಮ್ನಿರು. ಈ ಕೂಸು ನಮ್ಮ ಕಡೀದಲ್ಲ. ಮೂಗು ನಂದು ಅಂತ ಮೋಸ ಹೋದೆ. ಒಳಗ ಅವರವ್ವನ ಕಡೀದು. ನಂಜನಗೂಡಿಂದು. ನಮ್ಮ ಔಷಧ ಇಂಥಾವ್ರ ಮೈಗೆ ಹತ್ತೂದಿಲ್ಲ. ತಡಕೊಳ್ಳೂ ಯೋಗ್ಯತಾ ಇಲ್ಲ.” ಚಮಚವನ್ನು ತನ್ನ ಬಾಯಿಗೇ ಸುರಿದುಕೊಂಡು, ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. “ಆತು. ಊಟಕ್ಕ ಏಳ್ರಿ.”

ಮಗುವನ್ನೂ ಉಳಿಸಿ ಔಷಧದ ಮಾನವನ್ನೂ ಉಳಿಸಿದ್ದಳು. ಬೆಲೆ ಸೊಸೆಯದು. ಸುಕೃತಾ ಮಗಳನ್ನು ಬಾಚಿ ಎತ್ತಿಕೊಂಡಳು. ಅವಳ ಅಣ್ಣ ಈ ಬೈಗುಳಕ್ಕೆ ಸಿಟ್ಟು ಮಾಡಬೇಕೋ ಕೈ ಮುಗಿಯಬೇಕೋ ತಿಳಿಯದೆ ಕತ್ತರಿ ಹಿಡಿದು ನಿಂತಿದ್ದ. ಮಹಾರುದ್ರ ಕಂಪನಿಯವರಿಗೆ ಹಿಂದಿಯಲ್ಲಿ ನಗುತ್ತಿದ್ದ.

ಜನ ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಿದ್ದಳು. ರೋಣದ ಕಡೆಯವಳು, ಬೆಳಿಗ್ಗೆಯ ಬಸ್ಸಿಗೆ ಬಂದವಳು. ಸೊಂಟದ ಮೇಲೆ ಹುಡುಗ, ಕಣ್ಣು ನಿಂಬೆಹಣ್ಣಿನ ಬಣ್ಣ. ಇನ್ನೊಂದು ಕೈಯಲ್ಲಿ ಪುಕ್ಕಟೆಯ ಬಾಟಲಿ, ಮುಚ್ಚಳ ಆಗಲೇ ತೆಗೆದಿತ್ತು.

“ಆಯಿ,” ಎಂದಳು. ವಾದ ಮಾಡುವ ದನಿಯಲ್ಲ, ಪಥ್ಯ ಕೇಳಿಕೊಳ್ಳುವ ದನಿ. “ಹಂಗಾದ್ರ ನನ್ನ ಮಗ ಯಾರ ಕಡ್ಯಾವ್ರಿ?”

ನೀಲಗಂಗವ್ವ ಅವಳನ್ನು ನೋಡಿದಳು. ಅವಳ ಹಿಂದೆ ಕೂತವರನ್ನು ನೋಡಿದಳು. ಹುಲಕೋಟಿಯವರು, ಶಿರಹಟ್ಟಿಯವರು, ಪಕ್ಕದ ಓಣಿಯವರು, ಪುಣೆಯವರು. ತನ್ನ ಮಗನ ಹೊರತು ಆ ಕಡೆ ತನ್ನ ಕಡೆಯವರು ಒಬ್ಬರೂ ಇರಲಿಲ್ಲ. ಎಲ್ಲರ ಕೈಯಲ್ಲೂ ಬಾಟಲಿಗಳಿದ್ದವು. ಸೊಂಟದ ಮೇಲಿನ ಹುಡುಗ ಬಾಟಲಿಗೆ ಕೈ ಚಾಚಿದ.

ನೀಲಗಂಗವ್ವ ಸೊಸೆಯ ಕಡೆ ಉರಿದುಬಿದ್ದಳು.

“ನೀ ಏನ್ ನಿಂತು ನೋಡ್ತಿ, ಮೈಸೂರಕಿ? ಓಡು! ಆ ಹೆಣ್ಮಗಳ ಕೈಯಾಗಿಂದ ಬಾಟ್ಲಿ ಕಸಗೋ!”